ಸ್ತನದ ಗಡ್ಡೆಯೊಳಗೆ ಬಿಳಿ ರಕ್ತಕಣಗಳು ಏನು ಮಾಡುತ್ತವೆ?

ಸ್ತನ ಕ್ಯಾನ್ಸರ್‌ನ ಬಯಾಪ್ಸಿ ವರದಿ ಕೈಗೆ ಬಂದಾಗ ಮನೆಯವರ ಕಣ್ಣು ಮೊದಲು ಹೋಗುವುದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಸಾಲಿಗೆ. ಅದರ ಕೆಳಗೆ ಇಆರ್, ಪಿಆರ್ (ಕ್ಯಾನ್ಸರ್ ಕೋಶದಲ್ಲಿ ಹಾರ್ಮೋನು ಹಿಡಿಯುವ ಕೊಂಡಿಗಳು), ಹರ್-2 (ಬೆಳೆಯುವ ಸಂಕೇತ ಹಿಡಿಯುವ ಕೊಂಡಿ) ಎಂಬ ಮೂರು ಪರೀಕ್ಷೆಗಳ ಫಲಿತಾಂಶ ಇರುತ್ತದೆ. ಈಚಿನ ಕೆಲವು ವರದಿಗಳಲ್ಲಿ ಇನ್ನೊಂದು ಸಾಲೂ ಸೇರಿಕೊಂಡಿದೆ: ‘ಸ್ಟ್ರೋಮಲ್ ಟಿಐಎಲ್ ಶೇ 40’. ಬಹಳ ಮಂದಿ ಇದನ್ನು ಓದದೆ ದಾಟಿ ಹೋಗುತ್ತಾರೆ. ಓದಿದವರಲ್ಲಿ ಕೆಲವರು ಕ್ಯಾನ್ಸರ್ ಶೇ 40ರಷ್ಟು ಹರಡಿದೆ ಎಂದುಕೊಂಡು ಎದೆಗುಂದುತ್ತಾರೆ. ಆ ಸಾಲಿನ ಅರ್ಥ ಅದಲ್ಲ. ಕ್ಯಾನ್ಸರ್ ಕೋಶಗಳ ಗುಂಪುಗಳ ನಡುವಿನ ಜಾಗದಲ್ಲಿ ಶೇ 40 ಭಾಗವನ್ನು ದೇಹದ್ದೇ ಕಾವಲು ಕೋಶಗಳು, ಅಂದರೆ ಬಿಳಿ ರಕ್ತಕಣಗಳು, ತುಂಬಿಕೊಂಡಿವೆ ಎಂದು ಅದು ಹೇಳುತ್ತದೆ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಇದು ಒಳ್ಳೆಯ ಸುದ್ದಿ, ಎಲ್ಲ ಬಗೆಯಲ್ಲೂ ಅಲ್ಲ.

‘ಇಮ್ಯುನಿಟಿ ಕಡಿಮ್ಯಾಗಿತ್ರೀ, ಅದಕ ಕ್ಯಾನ್ಸರ್ ಬಂತು’ ಎಂಬ ಮಾತು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಆಸ್ಪತ್ರೆ ವರಾಂಡಗಳಲ್ಲಿ ದಿನಾ ಕಿವಿಗೆ ಬೀಳುತ್ತದೆ. ಆ ಮಾತಿನ ಬೆನ್ನಿಗೇ ಇಮ್ಯುನಿಟಿ ಹೆಚ್ಚಿಸುವ ಪುಡಿ, ಕಷಾಯ, ಗುಳಿಗೆಗಳು ಮನೆಗೆ ಬರುತ್ತವೆ. ಆದರೆ ರೋಗನಿರೋಧಕ ಶಕ್ತಿ ಹೌದಿನ ನೀರಿನಂತೆ ಒಂದೇ ಅಳತೆಗೋಲಿನಲ್ಲಿ ಏರಿಳಿಯುವುದಿಲ್ಲ. ಅದರಲ್ಲಿ ಹತ್ತಾರು ಜಾತಿಯ ಕೋಶಗಳಿವೆ. ಕೆಲವು ಕ್ಯಾನ್ಸರ್ ಕೊಲ್ಲುತ್ತವೆ, ಕೆಲವು ಅದಕ್ಕೆ ಅನ್ನ ಹಾಕಿ ಸಾಕುತ್ತವೆ, ಕೆಲವು ಕೊಲ್ಲಲು ಬಂದವನ್ನೇ ತಡೆಯುತ್ತವೆ. ಯಾವ ಕೋಶ, ಗಡ್ಡೆಯ ಯಾವ ಜಾಗದಲ್ಲಿ, ಯಾವ ಬಗೆಯ ಕ್ಯಾನ್ಸರ್‌ನಲ್ಲಿ ಎಂದು ಕೇಳಿದಾಗ ಮಾತ್ರ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಮೊದಲು ಆ ಶೇ 40 ಎಲ್ಲಿಂದ ಬಂತು ನೋಡೋಣ. ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿ, 4 ಮೈಕ್ರಾನ್ ಆಸುಪಾಸಿನ ಪದರುಗಳಾಗಿ ಕೊಯ್ದು, ಹಿಮಟಾಕ್ಸಿಲಿನ್ ಮತ್ತು ಇಯೊಸಿನ್ ಎಂಬ ಎರಡು ಬಣ್ಣ ಹಾಕುತ್ತಾರೆ. ಕೋಶದ ನಡುವಣ ಕೇಂದ್ರ ನೀಲಿಯಾಗುತ್ತದೆ, ಸುತ್ತಲಿನದು ಗುಲಾಬಿಯಾಗುತ್ತದೆ. ಕ್ಯಾನ್ಸರ್ ಕೋಶಗಳು ದೊಡ್ಡವು, ಅಂಕುಡೊಂಕು. ಅವುಗಳ ನಡುವೆ ಸಾಸಿವೆ ಚೆಲ್ಲಿದಂತೆ ಕಾಣುವ ಸಣ್ಣ, ದುಂಡನೆಯ, ಕಡುನೀಲಿ ಚುಕ್ಕೆಗಳೇ ಲಿಂಫೋಸೈಟ್‌ಗಳು. ಗಡ್ಡೆಯೊಳಗೆ ನುಗ್ಗಿದ ಲಿಂಫೋಸೈಟ್‌ಗಳಿಗೆ ಚಿಕ್ಕದಾಗಿ ಟಿಐಎಲ್ ಎನ್ನುತ್ತಾರೆ. ಪೆಥಾಲಜಿ ವೈದ್ಯರು ಇವನ್ನು ಒಂದೊಂದಾಗಿ ಎಣಿಸುವುದಿಲ್ಲ. ಕ್ಯಾನ್ಸರ್ ಗುಂಪುಗಳ ನಡುವಿನ ನಾರಿನ ಜಾಗವೇ ಸ್ಟ್ರೋಮಾ. ಅದರ ವಿಸ್ತೀರ್ಣದಲ್ಲಿ ಎಷ್ಟು ಭಾಗವನ್ನು ಇವು ಮುಚ್ಚಿವೆ ಎಂದು ಅಂದಾಜು ಮಾಡುತ್ತಾರೆ. ಎಲ್ಲರೂ ಒಂದೇ ರೀತಿ ಅಳೆಯಲಿ ಎಂದು ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2014ರಲ್ಲಿ ನಿಯಮ ಹಾಕಿಕೊಟ್ಟಿದೆ: ಗಡ್ಡೆಯ ಗಡಿಯೊಳಗೆ ಮಾತ್ರ ನೋಡಬೇಕು, ಸತ್ತು ಹೋದ ಭಾಗ ಮತ್ತು ಹಿಂದೆ ಸೂಜಿ ಚುಚ್ಚಿದ ಜಾಗ ಬಿಡಬೇಕು, ದಟ್ಟವಾಗಿರುವ ಒಂದು ಮೂಲೆಯನ್ನಷ್ಟೇ ಹಿಡಿಯದೆ ಇಡೀ ಪದರಿನ ಸರಾಸರಿ ಕೊಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಬೇರೆ ರಾಸಾಯನಿಕವೂ ಬೇಡ. ರೋಗಿಗೆ ಒಂದು ರೂಪಾಯಿಯೂ ಹೆಚ್ಚು ಬೀಳದೆ ಸಿಗುವ ಮಾಹಿತಿ ಇದು. ವರದಿಯಲ್ಲಿ ಇಲ್ಲದಿದ್ದರೆ, ಅದರಲ್ಲೂ ಮೂರೂ ಪರೀಕ್ಷೆ ನೆಗೆಟಿವ್ ಬಂದಿದ್ದರೆ, ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಈ ಕೋಶಗಳು ಗಡ್ಡೆಗೆ ಬರುವ ದಾರಿ ಸ್ವಲ್ಪ ಸುತ್ತಿನದು. ಸ್ತನದ ಅಂಗಾಂಶದಲ್ಲಿ ಡೆಂಡ್ರಿಟಿಕ್ ಕೋಶ ಎಂಬ ಪಹರೆದಾರ ಇರುತ್ತದೆ. ರಾಲ್ಫ್ ಸ್ಟೈನ್‌ಮನ್ 1973ರಲ್ಲಿ ಗುರುತಿಸಿದ ಇದಕ್ಕೆ ಮರದ ಟೊಂಗೆಯಂಥ ಚಾಚುಗಳಿವೆ, ಹೆಸರೂ ಅದರಿಂದಲೇ ಬಂದದ್ದು. ಸತ್ತ ಕ್ಯಾನ್ಸರ್ ಕೋಶಗಳ ಚೂರುಗಳನ್ನು ಇದು ಹೊತ್ತುಕೊಂಡು ಕಂಕುಳಿನ ಲಿಂಫ್ ಗ್ರಂಥಿಗೆ ನಡೆಯುತ್ತದೆ, ಅಲ್ಲಿ ಟಿ ಕೋಶ ಎಂಬ ಬಗೆಯ ಲಿಂಫೋಸೈಟ್‌ಗಳಿಗೆ ತೋರಿಸುತ್ತದೆ. ಲಕ್ಷಾಂತರ ಟಿ ಕೋಶಗಳಲ್ಲಿ ಆ ಚೂರಿನ ಗುರುತು ಹಿಡಿಯುವವು ಬೆರಳೆಣಿಕೆಯಷ್ಟು. ಗುರುತು ಹತ್ತಿದ ಕೋಶ ಒಡೆದು ಒಡೆದು ಸಾವಿರಾರಾಗಿ, ರಕ್ತದ ಮೂಲಕ ಸ್ತನಕ್ಕೆ ಹೊರಡುತ್ತದೆ.

ಇವುಗಳಲ್ಲಿ ಸಿಡಿ8 ಎಂಬ ಗುರುತಿನ ಟಿ ಕೋಶ ನೇರವಾಗಿ ಕೊಲ್ಲುತ್ತದೆ. ನಮ್ಮ ದೇಹದ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗೆ ತಯಾರಾಗುವ ಪ್ರೋಟೀನಿನ ಚೂರುಗಳನ್ನು ಮೈಮೇಲಿನ ಎಂಎಚ್‌ಸಿ ಎಂಬ ತಟ್ಟೆಯಲ್ಲಿಟ್ಟು ಸದಾ ಹೊರಗೆ ತೋರಿಸುತ್ತಿರುತ್ತವೆ. ತಟ್ಟೆಯಲ್ಲಿ ಅಪರಿಚಿತ ಚೂರು ಕಂಡರೆ ಸಿಡಿ8 ಕೋಶ ಒತ್ತಿ ನಿಂತು, ಪರ್ಫೊರಿನ್‌ನಿಂದ ಎದುರಿನ ಕೋಶದ ಪೊರೆಗೆ ತೂತು ಕೊರೆದು, ಗ್ರಾನ್‌ಝೈಮ್ ಎಂಬ ಕಿಣ್ವವನ್ನು ಒಳಗೆ ಬಿಡುತ್ತದೆ. ಆ ಕೋಶ ತನ್ನನ್ನು ತಾನೇ ಕಳಚಿಕೊಂಡು ಸಾಯುತ್ತದೆ. ಸಿಡಿ4 ಕೋಶಗಳು ಇದಕ್ಕೆ ಒತ್ತಾಸೆ ನೀಡುತ್ತವೆ. ಟಿ ಕೋಶದ ಕಣ್ಣು ತಪ್ಪಿಸಲು ಕೆಲವು ಕ್ಯಾನ್ಸರ್ ಕೋಶಗಳು ತಟ್ಟೆಯನ್ನೇ ಒಳಗೆಳೆದುಕೊಳ್ಳುತ್ತವೆ. ಆಗ ಎನ್‌ಕೆ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳ ಪಾಳಿ ಬರುತ್ತದೆ, ತಟ್ಟೆ ಇಲ್ಲದ ಕೋಶವನ್ನೇ ಅವು ಸಂಶಯದಿಂದ ನೋಡುತ್ತವೆ.

ಇಲ್ಲಿ ಕಂಕುಳಿನ ಬಗ್ಗೆ ಎರಡು ಮಾತು ಹೇಳಬೇಕು. ಕಂಕುಳಲ್ಲಿ ಗಂಟು ಕಂಡ ಕೂಡಲೇ ಕ್ಯಾನ್ಸರ್ ಅಲ್ಲಿಗೂ ಹೋಗಿದೆ ಎಂದು ತೀರ್ಮಾನಿಸಬಾರದು. ಟಿ ಕೋಶಗಳು ಹೆಚ್ಚುತ್ತಿರುವ ಗ್ರಂಥಿ ತಾನೇ ಊದಿಕೊಳ್ಳಬಹುದು. ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಇನ್ನೊಂದು, ‘ಬಗಲಿನ ಗಂಟು ತಗದ್ರ ಶಕ್ತಿ ಹೋಗ್ತೈತಿ’ ಎಂಬ ಭಯ. ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಇಡೀ ದೇಹದ ರೋಗನಿರೋಧಕ ಶಕ್ತಿ ಕುಸಿಯುವುದಿಲ್ಲ. ಆದರೆ ಆ ಬದಿಯ ತೋಳಿನಲ್ಲಿ ಬಾವು ಬರುವ, ಸಣ್ಣ ಗಾಯವೂ ಸೋಂಕಾಗಿ ಕೆಂಪೇರುವ ಸಾಧ್ಯತೆ ಉಳಿಯುತ್ತದೆ. ಕಬ್ಬಿನ ರವದಿ ಎಳೆಯುವವರು, ಕಸ ತೆಗೆಯುವವರು ಆ ಕೈಗೆ ತುಂಬುದೋಳಿನ ಅಂಗಿ ಹಾಕಿಕೊಂಡು ಕೆಲಸ ಮಾಡಬೇಕು, ಗೀರು ಬಿದ್ದರೆ ಅಂದೇ ತೊಳೆದು ಔಷಧಿ ಹಚ್ಚಬೇಕು.

ಇಷ್ಟೆಲ್ಲ ವ್ಯವಸ್ಥೆ ಇದ್ದೂ ಗಡ್ಡೆ ಏಕೆ ಬೆಳೆಯುತ್ತದೆ? ಕಾವಲು ಕೋಶಗಳು ಸುಲಭವಾಗಿ ಕಾಣುವ ಕ್ಯಾನ್ಸರ್ ಕೋಶಗಳನ್ನು ಮೊದಲು ಮುಗಿಸುತ್ತವೆ. ಉಳಿಯುವುದು ಅಡಗಲು ಕಲಿತವು. ಅವುಗಳಿಂದ ಹುಟ್ಟುವ ಪೀಳಿಗೆಯೂ ಅಡಗುವುದರಲ್ಲಿ ಪಳಗಿರುತ್ತದೆ. ಕೆಲವೊಮ್ಮೆ ಎರಡು ಕಡೆಯೂ ಸಮಬಲದಲ್ಲಿ ವರ್ಷಗಟ್ಟಲೆ ಕಳೆಯುತ್ತದೆ, ಆಮೇಲೆ ಒಂದು ದಿನ ಕ್ಯಾನ್ಸರ್ ಕೈಮೀರುತ್ತದೆ. ಕೈಗೆ ಸಿಗುವಷ್ಟು ದೊಡ್ಡ ಗಡ್ಡೆ ಎಂದರೆ ಈ ಹಂತ ದಾಟಿ ಬಂದದ್ದು. ಅಷ್ಟಾದರೂ ಅದು ಸಾಮಾನ್ಯವಾಗಿ ನೋಯುವುದಿಲ್ಲ. ‘ನೋವಿಲ್ಲಲ್ರೀ, ಅದಕ ಸುಮ್ನಿದ್ದೆ’ ಎಂದು ತಿಂಗಳುಗಟ್ಟಲೆ ಕಾಯುವುದು ನಮ್ಮ ಕಡೆ ತಡವಾಗಲು ಮುಖ್ಯ ಕಾರಣಗಳಲ್ಲಿ ಒಂದು.

ಅಡಗುವ ಉಪಾಯಗಳಲ್ಲಿ ಎಲ್ಲಕ್ಕಿಂತ ಕೆಡುಕಿನದು ಕಾವಲಿನವರನ್ನೇ ಒಳಗೆ ಹಾಕಿಕೊಳ್ಳುವುದು. ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶಗಳ ಸಹಜ ಕೆಲಸ ಸತ್ತದ್ದನ್ನು ನುಂಗಿ ಸ್ವಚ್ಛ ಮಾಡುವುದು, ಗಾಯ ಮಾಯುವಾಗ ಹೊಸ ರಕ್ತನಾಳ ಬೆಳೆಸುವುದು. ಗಡ್ಡೆ ಸಿಎಸ್ಎಫ್-1 ಎಂಬ ಸಂಕೇತ ಬಿಟ್ಟು ಇವನ್ನು ಕರೆಸಿಕೊಳ್ಳುತ್ತದೆ. ಬಂದವು ಗಡ್ಡೆಯನ್ನು ಮಾಯದ ಗಾಯವೆಂದೇ ತಿಳಿದು ರಕ್ತನಾಳ ಬೆಳೆಸುತ್ತವೆ, ಬೆಳವಣಿಗೆಯ ಪ್ರಚೋದಕ ಕೊಡುತ್ತವೆ, ಕ್ಯಾನ್ಸರ್ ಕೋಶ ರಕ್ತನಾಳದೊಳಗೆ ನುಸುಳಲು ಬಾಗಿಲು ತೆರೆಯುತ್ತವೆ. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಬರುವ ಇಲಿಗಳಿಂದ ಸಿಎಸ್ಎಫ್-1 ತೆಗೆದುಹಾಕಿದರು. ಗಡ್ಡೆ ಹುಟ್ಟುವುದು ನಿಲ್ಲಲಿಲ್ಲ. ಆದರೆ ಶ್ವಾಸಕೋಶಕ್ಕೆ ಹರಡುವುದು ಬಹಳ ತಗ್ಗಿತು. ಜನರ ಜೀವ ತೆಗೆಯುವುದು ಸ್ತನದಲ್ಲಿರುವ ಗಡ್ಡೆಗಿಂತ ಬೇರೆ ಅಂಗಕ್ಕೆ ಹರಡಿದ ಕ್ಯಾನ್ಸರ್. ಆ ಹರಡುವಿಕೆಯಲ್ಲಿ ನಮ್ಮದೇ ಬಿಳಿ ಕಣದ ಕೈ ಇದೆ ಎಂಬುದು ಈ ವಿಷಯದಲ್ಲಿ ಮರೆಯಬಾರದ ಸಂಗತಿ.

ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಇದರ ಸುಳಿವು ಹಿಡಿದಿದ್ದರು. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ದಾಖಲೆ ನೋಡಿ, ಕ್ಯಾನ್ಸರ್ ಎಲ್ಲೆಂದರಲ್ಲಿ ಹರಡುವುದಿಲ್ಲ, ಬೀಜಕ್ಕೆ ಹೊಂದುವ ಮಣ್ಣು ಬೇಕು ಎಂದು ಬರೆದರು. ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಬಂದಂತೆ ಮಸಾರಿಯಲ್ಲಿ ಬರುವುದಿಲ್ಲ ಎಂಬುದು ಇಂಡಿ, ಸಿಂದಗಿ ಕಡೆಯ ರೈತರಿಗೆ ಹೇಳಿಕೊಡಬೇಕಾದ ಮಾತಲ್ಲ. ಪ್ಯಾಜೆಟ್ ಹೇಳಿದ ಮಣ್ಣಿನಲ್ಲಿ ಈ ಮ್ಯಾಕ್ರೊಫೇಜ್‌ಗಳೂ ಸೇರಿವೆ ಎಂದು ಇಂದು ಗೊತ್ತಾಗಿದೆ.

ಎರಡನೆಯ ಉಪಾಯ ಟಿ-ರೆಗ್ ಎಂಬ, ಬೇರೆ ಕಾವಲು ಕೋಶಗಳನ್ನು ತಡೆಯುವ ಕೋಶಗಳದು. ಇವು ಕೆಟ್ಟವಲ್ಲ. ಇವಿಲ್ಲದಿದ್ದರೆ ನಮ್ಮ ಬಿಳಿ ಕಣಗಳು ನಮ್ಮ ಥೈರಾಯ್ಡ್, ಕೀಲು, ಕರುಳನ್ನೇ ಕಡಿಯಲು ತೊಡಗುತ್ತವೆ. ಇವುಗಳ ಕುರಿತ ಸಂಶೋಧನೆಗೇ 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗೆ ಸಂದಿತು. ಗಡ್ಡೆ ಇವನ್ನು ತನ್ನ ಸುತ್ತ ಕಲೆಹಾಕಿಕೊಂಡು ಸಿಡಿ8 ಕೋಶಗಳನ್ನು ಸುಮ್ಮನಾಗಿಸುತ್ತದೆ. ಮೂರನೆಯದು ಪಿಡಿ-ಎಲ್1. ಟಿ ಕೋಶದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಕ್ಯಾನ್ಸರ್ ಕೋಶವೂ ಅದರ ನೆರೆಯ ಮ್ಯಾಕ್ರೊಫೇಜ್‌ಗಳೂ ಪಿಡಿ-ಎಲ್1 ಚಾಚಿ ಆ ಬ್ರೇಕ್ ತುಳಿಯುತ್ತವೆ. ಟಿ ಕೋಶ ಅಲ್ಲೇ ಇರುತ್ತದೆ, ಸತ್ತಿರುವುದಿಲ್ಲ, ದಣಿದು ನಿಂತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಸಾಸಿವೆ ಚುಕ್ಕೆಗಳ ದಂಡೇ ಕಂಡರೂ ಗಡ್ಡೆ ಬೆಳೆಯುವುದು ಇದರಿಂದಲೇ.

ಎಲ್ಲಿ ನಿಂತಿವೆ ಎಂಬುದೂ ಮುಖ್ಯ. ಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ನಡುವೆ ಅಟ್ಟಣಿಗೆ ಹಾಕಿ ಕವಣೆ ಹಿಡಿದು ಹಕ್ಕಿ ಕಾಯುತ್ತಾರೆ. ಕಾಯುವವನು ಹೊಲದ ಬದುವಿನ ಮೇಲೇ ಕೂತರೆ ನಡುವಿನ ತೆನೆ ಉಳಿಯುವುದಿಲ್ಲ. ಕೆಲವು ಗಡ್ಡೆಗಳಲ್ಲಿ ಲಿಂಫೋಸೈಟ್‌ಗಳು ಒಳಗೆಲ್ಲ ಹರಡಿರುತ್ತವೆ. ಕೆಲವದರಲ್ಲಿ ಗಡಿಯ ದಪ್ಪ ನಾರಿನಲ್ಲೇ ಸಿಕ್ಕಿಕೊಂಡಿರುತ್ತವೆ. ಇನ್ನು ಕೆಲವದರಲ್ಲಿ ಹುಡುಕಿದರೂ ಇಲ್ಲ. ಔಷಧಿ ಯಾರಿಗೆ ಹಿಡಿಯುತ್ತದೆ, ಯಾರಿಗೆ ಹಿಡಿಯುವುದಿಲ್ಲ ಎಂಬುದರಲ್ಲಿ ಈ ಮೂರು ಚಿತ್ರಗಳ ಪಾತ್ರ ದೊಡ್ಡದು.

ಈಗ ಬಗೆಗಳ ವಿಷಯ. ಇಆರ್, ಪಿಆರ್, ಹರ್-2 ಮೂರೂ ಇಲ್ಲದ್ದನ್ನು ಟ್ರಿಪಲ್ ನೆಗೆಟಿವ್ ಎನ್ನುತ್ತಾರೆ. ಪಾಶ್ಚಾತ್ಯ ದೇಶಗಳಿಗಿಂತ ಭಾರತದಲ್ಲಿ ಇದರ ಪಾಲು ಹೆಚ್ಚು, ಚಿಕ್ಕ ವಯಸ್ಸಿನವರಲ್ಲೂ ಹೆಚ್ಚು. ಇದು ವೇಗವಾಗಿ ಬೆಳೆಯುವ ಬಗೆ. ಇದರ ಕೋಶಗಳಲ್ಲಿ ಜೀನುಗಳ ಏರುಪೇರು ಜಾಸ್ತಿ, ಹಾಗಾಗಿ ತಟ್ಟೆಯಲ್ಲಿ ಅಪರಿಚಿತ ಚೂರುಗಳೂ ಜಾಸ್ತಿ, ಟಿ ಕೋಶಗಳು ಬರುವುದೂ ಜಾಸ್ತಿ. ಈ ಬಗೆಯಲ್ಲಿ ಟಿಐಎಲ್ ಪ್ರಮಾಣ ಏರಿದಷ್ಟೂ ಕಿಮೊಥೆರಪಿ ಚೆನ್ನಾಗಿ ಹಿಡಿಯುತ್ತದೆ, ರೋಗ ಮರಳುವುದು ಕಡಿಮೆಯಾಗುತ್ತದೆ ಎಂದು ಹಲವು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಹರ್-2 ಪಾಸಿಟಿವ್ ಬಗೆಯಲ್ಲೂ ಸುಮಾರಾಗಿ ಹೀಗೇ. ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಬಗೆಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಇಲ್ಲಿ ಸಾಮಾನ್ಯವಾಗಿ ಟಿಐಎಲ್ ಕಡಿಮೆ ಇರುತ್ತದೆ. 3,771 ರೋಗಿಗಳನ್ನು ಸೇರಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಈ ಬಗೆಯವರಲ್ಲಿ ಟಿಐಎಲ್ ಹೆಚ್ಚಿದ್ದವರ ಆಯುಷ್ಯವೇ ಕಡಿಮೆಯಿತ್ತು. ಆದ್ದರಿಂದ ಪಕ್ಕದ ಹಾಸಿಗೆಯವರ ಶೇ 60ಕ್ಕೂ ನಿಮ್ಮ ಶೇ 5ಕ್ಕೂ ಹೋಲಿಕೆ ಮಾಡಬೇಡಿ. ನಿಮ್ಮದು ಇಆರ್ ಪಾಸಿಟಿವ್ ಆಗಿದ್ದರೆ ಶೇ 5 ಎಂಬುದರಲ್ಲಿ ಗಾಬರಿಯಾಗುವಂಥದ್ದು ಏನೂ ಇಲ್ಲ.

ಕಾವಲು ಕೋಶಗಳನ್ನು ಬಳಸಿಕೊಳ್ಳುವ ಔಷಧಿಗಳಲ್ಲಿ ನಮ್ಮ ಕಡೆ ಹೆಚ್ಚು ಪರಿಚಿತವಾದದ್ದು ಟ್ರಾಸ್ಟುಜುಮ್ಯಾಬ್. ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಇದರ ಸಮಾನ ಔಷಧಿಯನ್ನು ಮಾರುಕಟ್ಟೆಗೆ ತಂದಿತು. ಇದನ್ನು ಹರ್-2 ತಡೆಯುವ ಔಷಧಿ ಎಂದಷ್ಟೇ ಹೇಳಿ ಮುಗಿಸುತ್ತಾರೆ, ಅದು ಅರ್ಧ ಕತೆ. ಇದು ಪ್ರತಿಕಾಯ (ಆ್ಯಂಟಿಬಾಡಿ). ತಲೆಯ ಭಾಗ ಕ್ಯಾನ್ಸರ್ ಕೋಶದ ಹರ್-2 ಹಿಡಿಯುತ್ತದೆ, ಬಾಲದ ಭಾಗ ಹೊರಗೆ ಚಾಚಿರುತ್ತದೆ. ಆ ಬಾಲವನ್ನು ಎನ್‌ಕೆ ಕೋಶ ಹಿಡಿದು ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಬಾಲ ಹಿಡಿಯುವ ಕೊಕ್ಕೆಯೇ ಇಲ್ಲದ ಇಲಿಗಳಲ್ಲಿ ಔಷಧಿಯ ಬಲ ಬಹುಪಾಲು ಕುಂದಿತು ಎಂದು 2000ರಲ್ಲಿ ವರದಿಯಾಗಿದೆ. ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಮೊದಲ ಡೋಸ್ ಕಿಲೋ ತೂಕಕ್ಕೆ 8 ಮಿಲಿಗ್ರಾಂ, ಆಮೇಲೆ 6 ಮಿಲಿಗ್ರಾಂ, ಹರಡದ ಹಂತದಲ್ಲಿ ಒಟ್ಟು ಒಂದು ವರ್ಷ. ಹೃದಯದ ಮೇಲೆ ಪರಿಣಾಮ ಆಗಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಎಕೋ ತಪ್ಪಿಸಬಾರದು.

ಬ್ರೇಕ್ ಬಿಡಿಸುವ ಔಷಧಿಗಳದ್ದು ಬೇರೆ ದಾರಿ. ಟಿ ಕೋಶದ ಮೇಲಿನ ಸಿಟಿಎಲ್ಎ-4 ಎಂಬ ಇನ್ನೊಂದು ಬ್ರೇಕ್ ತೆಗೆದರೆ ಕ್ಯಾನ್ಸರ್ ಕರಗಬಲ್ಲದು ಎಂದು ತೋರಿಸಿದ ಜೇಮ್ಸ್ ಆಲಿಸನ್, ಪಿಡಿ-1 ಕಂಡುಹಿಡಿದ ತಸುಕು ಹೊಂಜೊ ಇಬ್ಬರಿಗೂ 2018ರ ನೊಬೆಲ್ ಬಂತು. ಸ್ತನ ಕ್ಯಾನ್ಸರ್‌ನಲ್ಲಿ ಬಳಕೆಯಲ್ಲಿರುವ ಮುಖ್ಯ ಔಷಧಿ ಪೆಂಬ್ರೊಲಿಜುಮ್ಯಾಬ್. ಇದು ಪಿಡಿ-1ಕ್ಕೆ ಅಂಟಿಕೊಂಡು, ಪಿಡಿ-ಎಲ್1 ಅದನ್ನು ತುಳಿಯದಂತೆ ಮಾಡುತ್ತದೆ. ಎರಡನೇ, ಮೂರನೇ ಹಂತದ ಟ್ರಿಪಲ್ ನೆಗೆಟಿವ್ ಬಗೆಯಲ್ಲಿ 1,174 ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ, ಕಿಮೊ ಜೊತೆ ಇದನ್ನು ಕೊಟ್ಟವರಲ್ಲಿ 5 ವರ್ಷದ ನಂತರ ಶೇ 86.6ರಷ್ಟು ಮಂದಿ ಬದುಕಿದ್ದರು, ಕಿಮೊ ಮಾತ್ರ ಪಡೆದವರಲ್ಲಿ ಶೇ 81.7. ಈ ಅಂಕಿಗಳನ್ನು ನಿಧಾನವಾಗಿ ಓದಬೇಕು. ನೂರಕ್ಕೆ ಸುಮಾರು 5 ಜೀವ ಹೆಚ್ಚು ಉಳಿದವು, ಅದು ಸಣ್ಣದಲ್ಲ. ಆದರೆ ಈ ಔಷಧಿ ಇಲ್ಲದೆ ಕಿಮೊ ಮಾತ್ರ ಪಡೆದವರಲ್ಲಿಯೂ ಐವರಲ್ಲಿ ನಾಲ್ವರು ಬದುಕಿದ್ದರು. ದುಬಾರಿ ಇಂಜೆಕ್ಷನ್ ಆಗಲಿಲ್ಲವೆಂದು ಹೊಲ ಮಾರುವ, ಇಲ್ಲವೇ ಇರುವ ಚಿಕಿತ್ಸೆಯನ್ನೂ ಬಿಡುವ ಮನೆಗಳಿಗೆ ಈ ಎರಡನೆಯ ಮಾತು ಮುಟ್ಟಬೇಕು.

ಲೆಕ್ಕ ಮೊದಲೇ ತಿಳಿದಿರಲಿ. ಒಂದು ಡೋಸ್ 200 ಮಿಲಿಗ್ರಾಂ, ಅಂದರೆ 100 ಮಿಲಿಗ್ರಾಂನ 2 ಬಾಟಲಿ. ಆಪರೇಷನ್‌ಗೆ ಮುಂಚೆ 8, ನಂತರ 9, ಮೂರು ವಾರಕ್ಕೊಂದರಂತೆ 17 ಡೋಸ್. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮಗೆ ಬರೆದ ಔಷಧಿ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲ ಡೋಸಿಗೆ ಮುಂಚೆಯೇ ಕೇಳಿ, ನಡುವೆ ನಿಲ್ಲುವಂತಾಗಬಾರದು. ಪಿಡಿ-ಎಲ್1 ಪರೀಕ್ಷೆ ಬೇಕಾಗುವುದು ಬೇರೆ ಅಂಗಕ್ಕೆ ಹರಡಿದ ಟ್ರಿಪಲ್ ನೆಗೆಟಿವ್ ರೋಗದಲ್ಲಿ. ಅಲ್ಲಿ ಸಿಪಿಎಸ್ ಎಂಬ ಅಂಕ 10 ಅಥವಾ ಹೆಚ್ಚಿದ್ದರೆ ಮಾತ್ರ ಈ ಔಷಧಿ. ಹರಡದ ಹಂತದಲ್ಲಿ ಪಿಡಿ-ಎಲ್1 ಇರಲಿ ಬಿಡಲಿ ಲಾಭ ಕಂಡಿದೆ, ಆ ಪರೀಕ್ಷೆಗೆ ದುಡ್ಡು ಹಾಕಬೇಕಿಲ್ಲ.

ಆಪರೇಷನ್‌ಗೆ ಮುಂಚೆಯೇ ಏಕೆ? ಗಡ್ಡೆ ಇನ್ನೂ ಇರುವಾಗ ಬ್ರೇಕ್ ಬಿಡಿಸಿದರೆ ಟಿ ಕೋಶಗಳಿಗೆ ಗುರುತು ಕಲಿಯಲು ಚೂರುಗಳು ಧಾರಾಳ ಸಿಗುತ್ತವೆ. ಇಲಿಗಳ ಪ್ರಯೋಗಗಳಲ್ಲೂ ಮೊದಲು ಕೊಟ್ಟದ್ದೇ ಹೆಚ್ಚು ಫಲ ಕೊಟ್ಟಿದೆ. ಬಯಾಪ್ಸಿ ಮಾಡದೆ ‘ಗಡ್ಡಿ ತಗದಬಿಡೂಣು, ಆಮ್ಯಾಲ ನೋಡೂಣು’ ಎಂದು ಸಣ್ಣ ಊರಲ್ಲಿ ಅವಸರದಿಂದ ಕತ್ತರಿಸಿದಾಗ ಈ ಅವಕಾಶವೇ ಕೈತಪ್ಪುತ್ತದೆ.

ಬ್ರೇಕ್ ಬಿಟ್ಟ ಟಿ ಕೋಶ ಕ್ಯಾನ್ಸರ್ ಒಂದನ್ನೇ ಹುಡುಕುವುದಿಲ್ಲ. ಆ ದೊಡ್ಡ ಪರೀಕ್ಷೆಯಲ್ಲಿ ಸುಮಾರು ಶೇ 15 ಮಂದಿಗೆ ಥೈರಾಯ್ಡ್ ಕುಂದಿತು. ಸುಮಾರು ಶೇ 13 ಮಂದಿಗೆ ತೀವ್ರ ಪ್ರತಿರೋಧ ಸಂಬಂಧಿ ತೊಂದರೆ ಬಂತು: ಕರುಳು, ಯಕೃತ್ತು, ಶ್ವಾಸಕೋಶ, ಅಡ್ರಿನಲ್ ಗ್ರಂಥಿ, ಚರ್ಮ. ಇವು ಔಷಧಿ ಮುಗಿದು ತಿಂಗಳುಗಳಾದ ಮೇಲೂ ಬರಬಹುದು, ಅದೇ ಇಲ್ಲಿನ ಮೋಸ. ದಿನಕ್ಕೆ ನಾಲ್ಕಾರು ಸಲ ಭೇದಿಯಾದರೆ ಜಾತ್ರೆ ಊಟ ಎಂದು ಗುಳಿಗೆ ನುಂಗಿ ಕೂರಬಾರದು. ಒಣಕೆಮ್ಮು, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು, ಏಳಲಾಗದ ದಣಿವು, ತಲೆಸುತ್ತು, ವಾಂತಿ ಇದ್ದರೂ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಚಿಕಿತ್ಸೆ ಸ್ಟೀರಾಯ್ಡ್. ಸಾಮಾನ್ಯವಾಗಿ ದಿನಕ್ಕೆ ಕಿಲೋ ತೂಕಕ್ಕೆ 1ರಿಂದ 2 ಮಿಲಿಗ್ರಾಂ ಪ್ರೆಡ್ನಿಸೊಲೋನ್‌ನಿಂದ ಶುರುವಾಗಿ, ನಾಲ್ಕರಿಂದ ಆರು ವಾರಗಳಲ್ಲಿ ಇಳಿಸುತ್ತ ಬರಬೇಕು. ಆರಾಮಾಯ್ತೆಂದು ವಾರಕ್ಕೇ ಬಿಟ್ಟರೆ ತೊಂದರೆ ಮರುಕಳಿಸುತ್ತದೆ. ಹಿಂದೆ ಟಿಬಿ ಆಗಿತ್ತೇ, ಮನೆಯಲ್ಲಿ ಯಾರಿಗಾದರೂ ಇದೆಯೇ, ಸಂಧಿವಾತ, ಸೋರಿಯಾಸಿಸ್ ಇದೆಯೇ ಎಂಬುದನ್ನು ಮೊದಲ ಡೋಸಿಗೆ ಮುಂಚೆ ಮುಚ್ಚಿಡದೆ ಹೇಳಬೇಕು.

‘ಬಿಳಿ ಕಣ ಕಡಿಮ್ಯಾಗ್ಯಾವ’ ಎಂದು ಕಿಮೊ ನಡುವೆ ಹೇಳುವುದು ಈ ಟಿ ಕೋಶಗಳ ಬಗ್ಗೆ ಅಲ್ಲ. ಅಲ್ಲಿ ಮಾತು ನ್ಯೂಟ್ರೊಫಿಲ್ ಎಂಬ, ಬ್ಯಾಕ್ಟೀರಿಯಾ ನುಂಗುವ ಕಣಗಳದ್ದು. ಕಿಮೊ ಆದ 7ರಿಂದ 14ನೇ ದಿನದಲ್ಲಿ ಇವು ತಳ ಮುಟ್ಟುತ್ತವೆ. ಮೈಕ್ರೊಲೀಟರ್‌ಗೆ 500ಕ್ಕಿಂತ ಕೆಳಗಿಳಿದಾಗ ಬರುವ ಜ್ವರ ಗಂಟೆಗಳಲ್ಲಿ ಜೀವಕ್ಕೆ ಕುತ್ತಾಗಬಹುದು. ಮನೆಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ಬಸ್ಸಿಗೆ ಕಾಯಬೇಡಿ. ಗುಳಿಗೆ ಜ್ವರ ಇಳಿಸುತ್ತದೆ, ಸೋಂಕನ್ನಲ್ಲ. ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬೀಳಬೇಕು. ಮುದ್ದೇಬಿಹಾಳದಿಂದಲೋ ರಾಯಬಾಗದಿಂದಲೋ ದೊಡ್ಡ ಆಸ್ಪತ್ರೆ ಮುಟ್ಟಲು ತಾಸುಗಟ್ಟಲೆ ಹಿಡಿಯುವುದಾದರೆ, ಕಿಮೊ ಫೈಲ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕ್ಯಾನ್ಸರ್ ವೈದ್ಯರಿಗೆ ಫೋನ್ ಮಾಡಿಸಿ, ಮೊದಲ ಡೋಸ್ ಅಲ್ಲೇ ಹಾಕಿಸಿಕೊಂಡು ಮುಂದೆ ಹೊರಡುವುದು ಲೇಸು. ಕಣ ಏರಿಸುವ ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಊರಿಗೆ ಒಯ್ಯುವಾಗ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಥರ್ಮಾಸಿನಲ್ಲಿ ಬರ್ಫಕ್ಕೆ ನೇರವಾಗಿ ತಾಗಿಸಿದರೆ ಹೆಪ್ಪುಗಟ್ಟಿ ಕೆಡುತ್ತದೆ, ನಡುವೆ ಬಟ್ಟೆ ಸುತ್ತಬೇಕು. ಕಿಮೊ ಮುಗಿದು 24 ಗಂಟೆ ಕಳೆಯುವ ಮುಂಚೆ ಹಾಕಿಸಬಾರದು. ಈ ಇಂಜೆಕ್ಷನ್ ಸೋಂಕಿನಿಂದ ಕಾಯುತ್ತದೆ, ಕ್ಯಾನ್ಸರ್ ಜೊತೆ ಹೋರಾಡುವುದಿಲ್ಲ.

ರೊಟ್ಟಿ ಜೊತೆ ಹಸಿ ಮೆಂತ್ಯೆ, ಹಕ್ಕರಕಿ, ಉಳ್ಳಾಗಡ್ಡಿ ತಿನ್ನುವವರಿಗೆ ಅದನ್ನು ಪೂರ್ತಿ ಬಿಡಿಸುವುದರಿಂದ ಸೋಂಕು ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಹರಿಯುವ ಶುದ್ಧ ನೀರಲ್ಲಿ ಎಲೆ ಎಲೆ ಬಿಡಿಸಿ ತೊಳೆದು, ಆಗಲೇ ಹೆಚ್ಚಿ ತಿನ್ನಬೇಕು. ನೀರಿನ ಮೇಲೆ ಭರವಸೆ ಇಲ್ಲದಿದ್ದರೆ ಆ ದಿನಗಳಲ್ಲಿ ಬೇಯಿಸಿದ್ದೇ ಸರಿ. ಅಮೃತಬಳ್ಳಿಯ ಕಷಾಯ, ಗುಳಿಗೆಯ ವಿಷಯದಲ್ಲಿ ಮಾತ್ರ ನಾವು ಗಟ್ಟಿಯಾಗಿ ಬೇಡ ಎನ್ನುತ್ತೇವೆ. ಕೊರೊನಾ ಕಾಲದಲ್ಲಿ ಇದನ್ನು ಸೇವಿಸಿದವರಲ್ಲಿ, ದೇಹದ ಬಿಳಿ ಕಣಗಳೇ ಯಕೃತ್ತನ್ನು ಕಡಿದಂಥ ಹಾನಿಯನ್ನು ಭಾರತದ ವೈದ್ಯರು 2021ರಿಂದ ವರದಿ ಮಾಡಿದ್ದಾರೆ. ಬ್ರೇಕ್ ಬಿಡಿಸುವ ಔಷಧಿಯೂ ಅದೇ ಬಗೆಯ ಹಾನಿ ಮಾಡಬಲ್ಲದು. ಎರಡೂ ಕೂಡಿದಾಗ ಯಾವುದರಿಂದ ಏನಾಯಿತು ಎಂದು ತಿಳಿಯದೆ, ಬೇಕಾದ ಔಷಧಿಯನ್ನೇ ನಿಲ್ಲಿಸಬೇಕಾಗುತ್ತದೆ.

ಇನ್ನು ಬಯಾಪ್ಸಿ ತುಂಡು ಹಾಕುವ ಬಾಟಲಿಯ ವಿಷಯ. ಮೇಲಿನ ಎಲ್ಲ ನಿರ್ಣಯಗಳೂ ನಿಂತಿರುವುದು ಮೊದಲ ದಿನ ತೆಗೆದ ತುಂಡಿನ ಮೇಲೆ. ಸಣ್ಣ ಸೂಜಿಯ ಎಫ್ಎನ್ಎಸಿಯಲ್ಲಿ ಬರುವುದು ಬಿಡಿ ಕೋಶಗಳು. ಹೊಲವನ್ನೇ ಕಾಣದೆ ಕಾವಲುಗಾರ ಎಲ್ಲಿ ನಿಂತಿದ್ದ ಎಂದು ಹೇಳಲಾಗದು. ಆದ್ದರಿಂದ ಟ್ರೂಕಟ್ ಸೂಜಿಯಿಂದ, ಸಾಮಾನ್ಯವಾಗಿ 14 ಗೇಜ್, ಕನಿಷ್ಠ ಮೂರು ನಾಲ್ಕು ಎಳೆ ತೆಗೆಸಬೇಕು. ತೆಗೆದ ತುಂಡು ಒಂದು ಗಂಟೆಯೊಳಗೆ ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ದ್ರವ ತುಂಡಿನ ಹತ್ತು ಪಟ್ಟು ಇರಬೇಕು. ಸಲೈನ್‌ನಲ್ಲಿ ಹಾಕಿ ಬಸ್ಸಿಗೆ ಕೊಟ್ಟರೆ ವಿಜಯಪುರದ 40 ಡಿಗ್ರಿ ಬಿಸಿಲಲ್ಲಿ ತುಂಡು ದಾರಿಯಲ್ಲೇ ಕೊಳೆಯುತ್ತದೆ. ಆಗ ಇಆರ್ ಇದ್ದರೂ ಇಲ್ಲವೆಂದು ಬರಬಹುದು, ಲಿಂಫೋಸೈಟ್‌ಗಳ ಗುರುತೇ ಅಳಿಸಬಹುದು, ಹಾರ್ಮೋನು ತಡೆಯುವ ಗುಳಿಗೆಯಿಂದ ಗುಣವಾಗುವ ಮಹಿಳೆಗೆ ಟ್ರಿಪಲ್ ನೆಗೆಟಿವ್ ಎಂಬ ಹಣೆಪಟ್ಟಿ ಬೀಳಬಹುದು. ಇಡೀ ಗಡ್ಡೆ ತೆಗೆದಿದ್ದರೆ ಹಾಗೇ ಮುಳುಗಿಸಿದರೂ ಸಾಲದು. ಫಾರ್ಮಲಿನ್ ಒಳಗೆ ಇಳಿಯುವುದು ನಿಧಾನ, ಹೊರಗೆ ಗಟ್ಟಿಯಾಗಿ ನಡುವೆ ಕೊಳೆಯುತ್ತದೆ. ಅಂಚುಗಳ ಗುರುತು ಕೆಡದಂತೆ ಕೊಯ್ದು ಸೀಳು ಬಿಡಿಸಿ ಮುಳುಗಿಸಬೇಕು, ಬಾಯಿ ಅಗಲದ ಡಬ್ಬಿಯಲ್ಲಿ. ಫಾರ್ಮಲಿನ್‌ನಲ್ಲಿ 6 ಗಂಟೆಗಿಂತ ಕಡಿಮೆ ಇದ್ದರೂ 72 ಗಂಟೆ ಮೀರಿದರೂ ಪರೀಕ್ಷೆ ಹಾಳಾಗುತ್ತದೆ. ಶನಿವಾರ ಸಂಜೆ ತೆಗೆದದ್ದು, ರವಿವಾರ ರಜೆ, ಸೋಮವಾರ ಹಬ್ಬ ಎಂದರೆ ಗಡುವು ಮುಗಿಯಲು ಬಂದಂತೆಯೇ. ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಬಾಟಲಿಯ ಮೈಮೇಲೆ ಬರೆಯಿಸಿ. ಮುಚ್ಚಳದ ಮೇಲೆ ಬರೆದದ್ದು ಮುಚ್ಚಳ ಬದಲಾದರೆ ಹೋಯಿತು.

ಬೆಳಗಾವಿ, ಹುಬ್ಬಳ್ಳಿ ಅಥವಾ ಬೆಂಗಳೂರಿನ ಕಿದ್ವಾಯಿಗೆ ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ವರದಿಯ ಕಾಗದ ಒಂದೇ ಸಾಲದು. ಮೇಣದ ಬ್ಲಾಕ್ ಮತ್ತು ಸ್ಲೈಡ್‌ಗಳನ್ನು ಪ್ರಯೋಗಾಲಯದಲ್ಲಿ ಅರ್ಜಿ ಕೊಟ್ಟು ಪಡೆಯಿರಿ. ಬ್ಲಾಕಿನ ಸಂಖ್ಯೆಯೂ ವರದಿಯ ಸಂಖ್ಯೆಯೂ ಒಂದೇ ಎಂದು ಅಲ್ಲೇ ನೋಡಿಕೊಳ್ಳಿ. ಸ್ಲೈಡ್‌ಗಳಿಗೆ ಗಟ್ಟಿ ಡಬ್ಬಿ ಬೇಕು. ಬ್ಲಾಕನ್ನು ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಟ್ಟು ಊಟಕ್ಕೆ ಹೋಗಬೇಡಿ, ಮೇಣ ಮೆತ್ತಗಾಗುತ್ತದೆ. ನೋಡಿ ಮುಗಿದ ಮೇಲೆ ಮರಳಿ ತಂದು, ವರದಿ ಫೈಲಿನ ಜೊತೆಗೇ ಇಡಿ. ವರ್ಷಗಳ ನಂತರ ಹೊಸ ಪರೀಕ್ಷೆಯೊಂದು ಬೇಕಾದಾಗ ಮತ್ತೆ ಸೂಜಿ ಚುಚ್ಚದೆ ಆ ಮೇಣದಿಂದಲೇ ಇನ್ನೊಂದು ಪದರು ಕೊಯ್ಯಬಹುದು.